ಸಾಕಿದ ನಾಯಿಗೆ ಬೇರೆ ಮನೆ ಹುಡುಕುವುದು ಹೇಗೆ?

ಮಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಮನೆಯವರೆಲ್ಲ ಅಲ್ಲಿಗೆ ಹೊರಟಿರುತ್ತಾರೆ. ಹೊಸ ಬಾಡಿಗೆ ಮನೆಯ ಮಾಲೀಕರು ನಾಯಿ ಬೇಡ ಎಂದುಬಿಟ್ಟಿರುತ್ತಾರೆ. ಇಲ್ಲವೇ ಇಷ್ಟು ವರ್ಷ ಊಟ ಹಾಕಿ ನೋಡಿಕೊಳ್ಳುತ್ತಿದ್ದ ಅಜ್ಜಿ ಹಾಸಿಗೆ ಹಿಡಿದಿರುತ್ತಾರೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ನಾಯಿಯನ್ನು ಯಾರಿಗಾದರೂ ಕೊಡಬೇಕು ಎಂದು ಹೊರಡುವವರ ಕಾರಣಗಳು ಬಹುಮಟ್ಟಿಗೆ ಇಂಥವೇ. ಯಾರೂ ಸಿಗದಿದ್ದಾಗ ಬಸ್ ನಿಲ್ದಾಣದ ಹತ್ತಿರವೋ ಹೆದ್ದಾರಿಯ ಹೋಟೆಲ್ ಮುಂದೋ ಬಿಟ್ಟು, ‘ಹೇಗೋ ಬದುಕಿಕೊಳ್ಳುತ್ತದೆ’ ಎಂದು ಸಮಾಧಾನ ಮಾಡಿಕೊಳ್ಳುವವರೂ ಇದ್ದಾರೆ.

ಆ ಸಮಾಧಾನಕ್ಕೆ ಈಗ ಆಧಾರವಿಲ್ಲ. ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಲ್ಲಿರುವ ಬೀದಿನಾಯಿಗಳನ್ನು ಹಿಡಿದು, ಸಂತಾನಹರಣ ಮಾಡಿ, ಲಸಿಕೆ ಹಾಕಿ ಆಶ್ರಯತಾಣಕ್ಕೆ ಸೇರಿಸಬೇಕು, ಮತ್ತೆ ಅದೇ ಜಾಗಕ್ಕೆ ಬಿಡಬಾರದು ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್ 7ರಂದು ಆದೇಶಿಸಿತು. ಅಲ್ಲಿ ತಿರುಗುವ ನಾಯಿ ನಿನ್ನೆಯವರೆಗೆ ಯಾರದೋ ಮನೆಯದಾಗಿತ್ತು ಎಂಬುದು ಹಿಡಿಯುವವರಿಗೆ ತಿಳಿಯುವ ದಾರಿಯಿಲ್ಲ.

ಬಿಟ್ಟುಬಂದರೆ ಏನಾಗುತ್ತದೆ?

ನಾಯಿಗಳಿಗೆ ಗಡಿ ಇರುತ್ತದೆ. ಒಂದು ಬೀದಿಯ ಗುಂಪು ಹೊಸ ನಾಯಿಯನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮನೆಯಲ್ಲಿ ತಟ್ಟೆಗೆ ಬಿದ್ದದ್ದನ್ನು ತಿಂದು ಬೆಳೆದ ನಾಯಿಗೆ ಊಟ ಹುಡುಕುವುದು, ವಾಹನ ನೋಡಿ ರಸ್ತೆ ದಾಟುವುದು, ಗುಂಪಿನೆದುರು ಬಾಲ ಮುದುರಿ ಹಿಂದೆ ಸರಿಯುವುದು ಯಾವುದೂ ಗೊತ್ತಿರುವುದಿಲ್ಲ. ಹಸಿವಿಗಿಂತ ಮೊದಲು ಕಚ್ಚಾಟ ಅಥವಾ ಅಪಘಾತ ಎದುರಾಗುವುದೇ ಹೆಚ್ಚು.

ಕಾನೂನಿನಲ್ಲೂ ಇದು ಅಪರಾಧ. ಹಸಿವು, ನೀರಡಿಕೆಯಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಡಿ ಬರುತ್ತದೆ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಅರವತ್ತರ ದಶಕದ ಆ ಮೊತ್ತಕ್ಕೆ ಇಂದು ಯಾರೂ ಹೆದರುವುದಿಲ್ಲ ಎಂಬುದು ಬೇರೆ ಮಾತು. ಮೂರು ವರ್ಷದೊಳಗೆ ಮತ್ತೆ ಅದೇ ತಪ್ಪು ಮಾಡಿದರೆ ಮೂರು ತಿಂಗಳವರೆಗೆ ಜೈಲು ಶಿಕ್ಷೆಗೂ ಅವಕಾಶವಿದೆ.

ಕೊಡುವ ತೀರ್ಮಾನ ಮಾಡುವ ಮುನ್ನ ಒಂದು ವಿಷಯ ಪರಿಶೀಲಿಸಿ. ಹೋಗುತ್ತಿರುವುದು ಅಪಾರ್ಟ್‌ಮೆಂಟಿಗಾದರೆ, ಸಾಕುನಾಯಿ ಇಡಬಾರದು ಎಂದು ನಿವಾಸಿಗಳ ಸಂಘ ನಿಷೇಧ ಹೇರುವಂತಿಲ್ಲ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿ ಹಾಗೆ ಹೇಳುತ್ತದೆ. ಬಾಡಿಗೆ ಕರಾರಿನಲ್ಲಿ ಮಾಲೀಕರು ಹಾಕುವ ಷರತ್ತು ಮಾತ್ರ ಬೇರೆ. ಅದನ್ನು ಮುಂಗಡ ಕೊಡುವ ಮೊದಲೇ ಮಾತಾಡಿಕೊಳ್ಳಬೇಕು.

ಮೊದಲ ತಿಂಗಳು: ನಾಯಿಯನ್ನು ಸಿದ್ಧ ಮಾಡುವುದು

ಮನೆ ಖಾಲಿ ಮಾಡುವ ವಾರದಲ್ಲಿ ಹುಡುಕಲು ಶುರುಮಾಡಿದರೆ ಮೊದಲು ಕೈಯೊಡ್ಡಿದವರ ಪಾಲಿಗೆ ನಾಯಿ ಹೋಗುತ್ತದೆ. ಎಂಟು ವಾರ ಸಮಯ ಇಟ್ಟುಕೊಳ್ಳುವುದು ಒಳ್ಳೆಯದು. ಅದರಲ್ಲಿ ಅರ್ಧ ಸಮಯ ನಾಯಿಯ ಆರೋಗ್ಯಕ್ಕೇ ಬೇಕು.

ರೇಬಿಸ್ ಲಸಿಕೆಯ ಮೊದಲ ಚುಚ್ಚುಮದ್ದು ಮರಿಗೆ ಮೂರು ತಿಂಗಳು ತುಂಬಿದಾಗ, ಆಮೇಲೆ ವರ್ಷಕ್ಕೊಮ್ಮೆ. ಚುಚ್ಚಿದ ದಿನವೇ ರಕ್ಷಣೆ ಬರುವುದಿಲ್ಲ, ಮೂರು ನಾಲ್ಕು ವಾರ ಹಿಡಿಯುತ್ತದೆ. ಆದ್ದರಿಂದ ಕೊಡುವ ಹಿಂದಿನ ದಿನ ಲಸಿಕೆ ಹಾಕಿಸಿ ಕಾರ್ಡು ಕೈಗಿಟ್ಟರೆ ಕಾಗದ ಸರಿ, ನಾಯಿಗೆ ರಕ್ಷಣೆ ಇಲ್ಲ. ಪಾರ್ವೊ (ರಕ್ತಭೇದಿ ತರುವ ವೈರಸ್ ಕಾಯಿಲೆ), ಡಿಸ್ಟೆಂಪರ್ (ನಾಯಿಯಿಂದ ನಾಯಿಗೆ ಹರಡುವ ಇನ್ನೊಂದು ವೈರಸ್ ಕಾಯಿಲೆ) ಮುಂತಾದವುಗಳ ಲಸಿಕೆ ಆರರಿಂದ ಎಂಟು ವಾರಕ್ಕೆ ಶುರುವಾಗಿ, ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರದವರೆಗೆ ನಡೆಯಬೇಕು. ತಾಯಿಯ ಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿರುವಷ್ಟು ದಿನ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ. ಅದು ಯಾವ ವಾರ ಇಳಿಯುತ್ತದೆ ಎಂದು ಹೇಳಲಾಗದ ಕಾರಣ ಮತ್ತೆ ಮತ್ತೆ ಹಾಕುತ್ತಾರೆ. ಒಂದು ಇಂಜೆಕ್ಷನ್ ಆಗಿದೆ, ಸಾಕು ಎಂದು ಕೊಟ್ಟ ಮರಿಗಳು ಹೊಸ ಮನೆಯಲ್ಲಿ ರಕ್ತಭೇದಿಯಾಗಿ ಸಾಯುವುದಕ್ಕೆ ಇದೇ ದೊಡ್ಡ ಕಾರಣ.

ಜಂತುಹುಳದ ಔಷಧಿಯ ಪ್ರಮಾಣ ತೂಕದ ಮೇಲೆ ನಿಂತಿದೆ, ಅಂದಾಜಿನ ಮೇಲೆ ಕೊಡಬಾರದು. ನಾಯಿ ತಕ್ಕಡಿಯ ಮೇಲೆ ನಿಲ್ಲದಿದ್ದರೆ ಎತ್ತಿಕೊಂಡು ನೀವೇ ನಿಂತು, ನಿಮ್ಮ ತೂಕ ಕಳೆಯಿರಿ. ಉಣ್ಣಿ ಇದ್ದರೆ ಕಿವಿಯ ಒಳಗೆ, ಕಾಲ್ಬೆರಳುಗಳ ಸಂದಿಯಲ್ಲಿ, ಕೊರಳ ಬೆಲ್ಟಿನ ಅಡಿಯಲ್ಲಿ ಸಿಗುತ್ತವೆ. ಮಂಕಾಗಿ ಊಟ ಬಿಟ್ಟಿದ್ದರೆ, ವಸಡು ಬಿಳಿಚಿಕೊಂಡಿದ್ದರೆ, ಮೂಗಿನಲ್ಲಿ ರಕ್ತ ಬಂದಿದ್ದರೆ ಅದು ಉಣ್ಣಿಯಿಂದ ಬರುವ ಜ್ವರ ಇರಬಹುದು. ರಕ್ತಪರೀಕ್ಷೆ ಮಾಡಿಸಿ, ಗುಣವಾದ ಮೇಲೆ ಕೊಡಿ. ಜಾಗ ಬದಲಾದ ಒತ್ತಡದಲ್ಲಿ ಅಡಗಿದ್ದ ಕಾಯಿಲೆ ಹೊರಬೀಳುತ್ತದೆ, ಹೊಸಬರು ‘ರೋಗದ ನಾಯಿ ಕಟ್ಟಿಬಿಟ್ಟರು’ ಎನ್ನುತ್ತಾರೆ.

ಇನ್ನು ಸಂತಾನಹರಣ ಆಪರೇಷನ್. ಗಂಡಾಗಲಿ ಹೆಣ್ಣಾಗಲಿ, ಇದನ್ನು ಮಾಡಿಸಿಯೇ ಕೊಡಿ. ಗಾಯ ಮಾಯಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಹೆಣ್ಣುನಾಯಿ ಬೆದೆಯಲ್ಲಿದ್ದರೆ ರಕ್ತಸ್ರಾವದ ಅಪಾಯ ಹೆಚ್ಚಿರುವುದರಿಂದ ವೈದ್ಯರು ಸಾಮಾನ್ಯವಾಗಿ ಎರಡು ಮೂರು ತಿಂಗಳು ಮುಂದೂಡುತ್ತಾರೆ. ಈ ನಡುವೆ ಹೊರಗೆ ಹೋಗಿ ಬಂದಿದ್ದರೆ ಗಬ್ಬವಾಗಿದೆಯೇ ಎಂದು ನೋಡಿಸಿ. ನಾಯಿಯ ಗರ್ಭದ ಅವಧಿ ಸುಮಾರು 63 ದಿನ ಮಾತ್ರ. ಒಂದು ನಾಯಿ ಎಂದು ಒಯ್ದವರ ಮನೆಯಲ್ಲಿ ಎರಡು ತಿಂಗಳಿಗೆ ಏಳು ಆಗಿರುತ್ತವೆ.

ಗುಣ ದೋಷ ಎರಡನ್ನೂ ಬರೆಯಿರಿ

ಒದೆಯುವ ಹಸುವನ್ನು ಸಾಧು ಎಂದು ಹೇಳಿ ಮಾರಿದರೆ ಮೊದಲ ಹಾಲು ಕರೆಯುವ ಹೊತ್ತಿಗೇ ಸುಳ್ಳು ಬಯಲಾಗುತ್ತದೆ. ನಾಯಿಯ ವಿಷಯವೂ ಅಷ್ಟೆ. ಮುಚ್ಚಿಟ್ಟ ದೋಷ ಒಂದು ವಾರದಲ್ಲಿ ಹೊರಬರುತ್ತದೆ, ಆಗ ಅದನ್ನು ಹೊಸಬರು ನಿಮ್ಮಲ್ಲಿಗೆ ತರುವ ಬದಲು ಬೀದಿಗೆ ಬಿಟ್ಟುಬಿಡಬಹುದು.

ಹಾಗಾಗಿ ಒಂದು ಹಾಳೆಯಲ್ಲಿ ನಾಯಿಯ ವಯಸ್ಸು, ತೂಕ, ಲಸಿಕೆಯ ದಿನಾಂಕಗಳ ಜೊತೆಗೆ ಅದರ ಒಂದು ದಿನವನ್ನು ಬರೆಯಿರಿ. ಎಷ್ಟು ಹೊತ್ತಿಗೆ ಏಳುತ್ತದೆ, ಏನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ, ಒಂಟಿಯಾಗಿ ಎಷ್ಟು ಗಂಟೆ ಸುಮ್ಮನಿರುತ್ತದೆ. ಪಟಾಕಿಗೆ, ಗುಡುಗಿಗೆ ಏನು ಮಾಡುತ್ತದೆ. ತಿನ್ನುವಾಗ ತಟ್ಟೆಗೆ ಕೈಹಾಕಿದರೆ ಗುರ್ ಎನ್ನುತ್ತದೆಯೇ. ಕೋಳಿ, ಕುರಿ, ಬೆಕ್ಕು ಕಂಡರೆ ಅಟ್ಟಿಸಿಕೊಂಡು ಹೋಗುತ್ತದೆಯೇ. ನಾಟಿ ಕೋಳಿ ಬಿಟ್ಟು ಸಾಕುವ ಹಳ್ಳಿಮನೆಗೆ ಕೋಳಿ ಹಿಡಿಯುವ ನಾಯಿಯನ್ನು ಕೊಟ್ಟರೆ ಮೊದಲು ಕೋಳಿ ಸಾಯುತ್ತದೆ, ಆಮೇಲೆ ನಾಯಿ ಏಟು ತಿನ್ನುತ್ತದೆ.

ಯಾರನ್ನಾದರೂ ಕಚ್ಚಿದ್ದರೆ ಯಾವಾಗ, ಯಾವ ಸಂದರ್ಭದಲ್ಲಿ ಎಂದು ತಪ್ಪದೆ ಬರೆಯಬೇಕು. ಕಚ್ಚಿ ಹತ್ತು ದಿನ ಆಗಿಲ್ಲದಿದ್ದರೆ ನಾಯಿ ಎಲ್ಲಿಗೂ ಹೋಗಬಾರದು. ಕಚ್ಚಿದ ಹೊತ್ತಿನಲ್ಲಿ ಜೊಲ್ಲಿನಲ್ಲಿ ರೇಬಿಸ್ ವೈರಸ್ ಇದ್ದಿದ್ದರೆ ನಾಯಿ ಆ ಹತ್ತು ದಿನದೊಳಗೆ ಕಾಯಿಲೆ ಬೀಳುತ್ತದೆ ಅಥವಾ ಸಾಯುತ್ತದೆ. ಅದನ್ನು ಗಮನಿಸಲು ನಾಯಿ ಕಣ್ಣೆದುರೇ ಇರಬೇಕು. ಹಾಗೆಂದು ಕಚ್ಚಿಸಿಕೊಂಡವರು ಹತ್ತು ದಿನ ಕಾಯುವಂತಿಲ್ಲ. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಶುರುಮಾಡಬೇಕು.

ಯಾರಿಗೆ ಹೇಳಬೇಕು, ಯಾರ ಬಗ್ಗೆ ಎಚ್ಚರ

ನಾಯಿಯನ್ನು ಈಗಾಗಲೇ ನೋಡಿರುವವರಿಂದ ಶುರುಮಾಡಿ. ನೆಂಟರು, ನೆರೆಯವರು, ಹಾಲು ಹಾಕುವವರು, ನಿಮ್ಮ ನಾಯಿಯನ್ನು ನೋಡುವ ಪಶುವೈದ್ಯರು. ಹಳೆಯ ನಾಯಿ ವಯಸ್ಸಾಗಿ ಸತ್ತ ಮನೆ ಯಾವುದು ಎಂದು ವೈದ್ಯರಿಗೆ ಗೊತ್ತಿರುತ್ತದೆ. ನಾಯಿಯನ್ನು ಕೊನೆಯವರೆಗೆ ಸಾಕಿದ ಮನೆಗಿಂತ ದೊಡ್ಡ ಪ್ರಮಾಣಪತ್ರವಿಲ್ಲ. ಅಲ್ಲಿ ಸಿಗದಿದ್ದರೆ ವಾಟ್ಸ್‌ಆ್ಯಪ್ ಗುಂಪು, ಫೇಸ್‌ಬುಕ್. ಮೂರು ಫೋಟೊ ಸಾಕು: ಹಗಲು ಬೆಳಕಿನಲ್ಲಿ ಮುಖ, ಪಕ್ಕದಿಂದ ಇಡೀ ಮೈ, ಗಾತ್ರ ತಿಳಿಯುವಂತೆ ಮನುಷ್ಯರ ಪಕ್ಕದಲ್ಲಿ ನಿಂತದ್ದು.

‘ಉಚಿತ’ ಎಂದು ಮಾತ್ರ ಹಾಕಬೇಡಿ. ಜಾತಿ ನಾಯಿಗಳನ್ನು ಪುಕ್ಕಟೆ ಪಡೆದು ಮಾರುವವರಿದ್ದಾರೆ. ಹೆಣ್ಣುನಾಯಿಯಾದರೆ ಬೆದೆ ಬಂದಾಗಲೆಲ್ಲ ಮರಿ ಹಾಕಿಸುವವರು ಕೇಳಿಕೊಂಡು ಬರುತ್ತಾರೆ. 2017ರ ನಾಯಿ ಸಾಕಣೆ ಮತ್ತು ಮಾರಾಟ ನಿಯಮಗಳ ಪ್ರಕಾರ ಮರಿ ಹಾಕಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು, ಎಂಟು ವಾರ ತುಂಬದ ಮರಿಯನ್ನು ಮಾರಬಾರದು. ಆಪರೇಷನ್ ಆಗಿದೆ ಎಂದ ಕೂಡಲೇ ‘ಆಮೇಲೆ ಫೋನ್ ಮಾಡ್ತೀನಿ ಸಾರ್’ ಎನ್ನುವವರು ಯಾಕೆ ಬಂದಿದ್ದರು ಎಂದು ಬಿಡಿಸಿ ಹೇಳಬೇಕಿಲ್ಲ. ಹಣ ಪಡೆಯಲು ಮನಸ್ಸಿಲ್ಲದಿದ್ದರೆ ಮುಂದಿನ ವರ್ಷದ ಲಸಿಕೆಯ ಖರ್ಚನ್ನು ವೈದ್ಯರಿಗೆ ಈಗಲೇ ಕಟ್ಟಲು ಕೇಳಿ. ಅಷ್ಟಕ್ಕೆ ಹಿಂದೇಟು ಹಾಕುವವರು ನಾಯಿಗೆ ಜ್ವರ ಬಂದಾಗಲೂ ಹಿಂದೇಟು ಹಾಕುತ್ತಾರೆ.

ಒಳ್ಳೆಯ ಮನೆಯವರು ಪ್ರಶ್ನೆ ಕೇಳುತ್ತಾರೆ. ಏನನ್ನೂ ವಿಚಾರಿಸದೆ ‘ಇವತ್ತೇ ಗಾಡಿ ತರ್ತೀವಿ’ ಎಂದರೆ ನೀವೇ ತಡೆದು ಕೇಳಿ: ಮನೆಯಲ್ಲಿ ಹಗಲು ಯಾರಿರುತ್ತಾರೆ? ಎಲ್ಲರಿಗೂ ಒಪ್ಪಿಗೆ ಇದೆಯೇ? ಮದುವೆ ಮುಂಜಿಗೆ ಎಲ್ಲರೂ ಊರಿಗೆ ಹೊರಟರೆ ನಾಯಿಗೆ ಯಾರು ಗತಿ? ಇದಕ್ಕೆ ಮುಂಚೆ ಸಾಕಿದ್ದ ನಾಯಿ ಏನಾಯಿತು? ಈ ಕೊನೆಯ ಪ್ರಶ್ನೆಗೆ ಬರುವ ಉತ್ತರದಲ್ಲಿ ಅರ್ಧ ವಿಷಯ ಗೊತ್ತಾಗುತ್ತದೆ. ಹಿಂದಿನ ಮರಿ ರಕ್ತಭೇದಿಯಾಗಿ ಸತ್ತಿದ್ದರೆ ಪಾರ್ವೊ ವೈರಸ್ ಆ ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದವರೆಗೆ ಉಳಿಯುತ್ತದೆ. ಅಂಥ ಮನೆಗೆ ಲಸಿಕೆ ಪೂರ್ತಿಯಾಗದ ಮರಿಯನ್ನು ಕೊಡಬಾರದು.

ರಾಟ್‌ವೀಲರ್, ಪಿಟ್‌ಬುಲ್ ಇದ್ದವರಿಗೆ ಒಂದು ಮಾತು. 23 ತಳಿಗಳನ್ನು ಸಾಕುವುದಕ್ಕೆ ತಡೆ ಹಾಕಿ ಕೇಂದ್ರ 2024ರ ಮಾರ್ಚ್‌ನಲ್ಲಿ ಹೊರಡಿಸಿದ್ದ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ ಮರುತಿಂಗಳೇ ರದ್ದುಮಾಡಿತು. ಆದರೂ ಇಂಥ ನಾಯಿಗಳನ್ನು ಮೊದಲ ಸಲ ನಾಯಿ ಸಾಕುವವರಿಗೆ ಕೊಡಬೇಡಿ.

‘ನಮ್ಮ ತೋಟದಲ್ಲಿ ಆರಾಮಾಗಿರುತ್ತೆ’

ಈ ಮೂರು ಜಿಲ್ಲೆಗಳಲ್ಲಿ ಅತಿ ಹೆಚ್ಚು ಕೇಳಿಬರುವ ಮಾತು ಇದೇ. ಬೆಂಗಳೂರಿನಿಂದ ನಾಯಿ ತರುವವರೂ ತೋಟ ಎಂದ ಕೂಡಲೇ ಕಣ್ಣುಮುಚ್ಚಿ ಒಪ್ಪುತ್ತಾರೆ. ಜಾಗ ದೊಡ್ಡದಿದ್ದರೆ ಸಾಲದು. ಮನುಷ್ಯರ ನಡುವೆ ಬೆಳೆದ ನಾಯಿಗೆ ಮನುಷ್ಯರು ಬೇಕು. ಸಂಜೆ ಆರಕ್ಕೆ ಆಳುಗಳೆಲ್ಲ ಹೊರಟು, ರಾತ್ರಿಯಿಡೀ ಪಂಪ್‌ಹೌಸಿನ ಮುಂದೆ ಒಂಟಿಯಾಗಿ ಕಟ್ಟಿಸಿಕೊಂಡು ಬೊಗಳುವ ನಾಯಿಗೆ ಎರಡು ಎಕರೆಯೂ ಒಂದೇ, ಎರಡು ಗಜವೂ ಒಂದೇ. ನಾಯಿಯನ್ನು ತೀರಾ ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ಅತಿಯಾಗಿ ಕಟ್ಟಿಹಾಕುವುದನ್ನೂ, ಸದಾ ಕಟ್ಟಿಹಾಕಿದ ನಾಯಿಯನ್ನು ಓಡಾಡಿಸದಿರುವುದನ್ನೂ ಅದೇ 11ನೇ ಕಲಮು ಹಿಂಸೆ ಎಂದು ಹೆಸರಿಸಿದೆ.

ಹಾಗೆಂದು ತೋಟದ ಮನೆ ಬೇಡವೆಂದಲ್ಲ. ಸಂಸಾರ ಅಲ್ಲೇ ವಾಸವಿದ್ದರೆ ದೊಡ್ಡ ನಾಯಿಗೆ ಅದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಹೋದಾಗ ಕಣ್ಣಿಟ್ಟು ನೋಡಬೇಕಾದ ಕೆಲವು ವಿಷಯಗಳಿವೆ.

ಕೃಷಿ ಹೊಂಡ ಇದೆಯೇ? ಕೋಲಾರ, ಚಿಕ್ಕಬಳ್ಳಾಪುರದ ಕಡೆ ಈಗ ಊರೂರಿಗೂ ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡಗಳಿವೆ. ನೀರು ಕುಡಿಯಲು ಬಗ್ಗಿದ ನಾಯಿ ಜಾರಿದರೆ, ಈಜು ಬಂದರೂ ಮೇಲೆ ಹತ್ತಲು ಉಗುರಿಗೆ ಹಿಡಿತ ಸಿಗುವುದಿಲ್ಲ. ಸುತ್ತು ಹೊಡೆದು ಸುಸ್ತಾಗಿ ಮುಳುಗುತ್ತದೆ. ಸುತ್ತ ಬೇಲಿ ಇರಬೇಕು. ಇಲ್ಲದಿದ್ದರೆ ದಡದ ಗೂಟಕ್ಕೆ ಕಟ್ಟಿದ ಹಳೆಯ ಬಲೆಯನ್ನೋ ಗೋಣಿತಾಟನ್ನೋ ನೀರಿನವರೆಗೆ ಎರಡು ಕಡೆ ಇಳಿಬಿಡಬೇಕು, ಕಾಲಿಟ್ಟು ಹತ್ತಲು.

ಟೊಮೆಟೊ, ದ್ರಾಕ್ಷಿ, ತರಕಾರಿ ಬೆಳೆಯುವಲ್ಲಿ ಕೀಟನಾಶಕ ಎಲ್ಲಿಡುತ್ತಾರೆ ಎಂದು ನೋಡಿ. ಬೆರೆಸಿದ ಬಕೆಟ್ಟಿನ ತಳದಲ್ಲಿ ಉಳಿದ ನೀರು, ಇಲಿ ಪಾಷಾಣ ಕಲಸಿದ ತಿಂಡಿ, ಎರಡೂ ನಾಯಿಗೆ ಸಾವು ತರುತ್ತವೆ. ದ್ರಾಕ್ಷಿ ಹಣ್ಣೇ ನಾಯಿಯ ಮೂತ್ರಪಿಂಡಕ್ಕೆ ವಿಷ, ಒಣದ್ರಾಕ್ಷಿಯೂ ಹಾಗೆಯೇ. ಶ್ರೀನಿವಾಸಪುರದ ಕಡೆಯ ಮಾವಿನ ತೋಪುಗಳಲ್ಲಿ ಅಪಾಯ ಬೇರೆ ಬಗೆಯದು. ಹಣ್ಣಿನ ರುಚಿಗೆ ಓಟೆಯನ್ನೇ ನುಂಗಿದ ನಾಯಿಗೆ ಅದು ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಊಟ ಬಿಟ್ಟು ಮತ್ತೆ ಮತ್ತೆ ವಾಂತಿ ಮಾಡುತ್ತಿದ್ದರೆ ಆಪರೇಷನ್ನೇ ದಾರಿ.

ಶಿಡ್ಲಘಟ್ಟ, ಚಿಂತಾಮಣಿ ಸುತ್ತಿನ ರೇಷ್ಮೆ ಮನೆಗಳಲ್ಲಿ ಕಥೆ ತಿರುಗುಮುರುಗು. ಅಲ್ಲಿ ನಾಯಿಯಿಂದ ಹುಳುವಿಗೆ ಅಪಾಯ. ಉಣ್ಣಿಗೆ ಬಳಸುವ ಸ್ಪ್ರೇ, ಪೌಡರುಗಳಲ್ಲಿ ಕೀಟನಾಶಕ ಇರುತ್ತದೆ, ರೇಷ್ಮೆಹುಳುವೂ ಕೀಟವೇ. ನಾಯಿಗೆ ಔಷಧಿ ಹಚ್ಚಿದ ಕೈಯಲ್ಲಿ ಸೊಪ್ಪು ಮುಟ್ಟಿದರೂ ಬೆಳೆಗೆ ಪೆಟ್ಟು ಬೀಳಬಹುದು. ಅಂಥ ಮನೆಗೆ ಕೊಡುವುದಾದರೆ ಉಣ್ಣಿಗೆ ಬಾಯಿಂದ ಕೊಡುವ ಮಾತ್ರೆಯನ್ನು ವೈದ್ಯರಿಂದ ಬರೆಸಿಕೊಡಿ, ನಾಯಿ ಹುಳುಮನೆಗೂ ಸೊಪ್ಪಿನ ಕೋಣೆಗೂ ನುಗ್ಗದ ಏರ್ಪಾಡು ಇದೆಯೇ ನೋಡಿ.

ತುಮಕೂರಿನ ದೇವರಾಯನದುರ್ಗ, ಗುಬ್ಬಿ, ಕುಣಿಗಲ್ ಕಡೆ ಹಾಗೂ ನಂದಿಯ ಬೆಟ್ಟಸಾಲಿನ ಅಂಚಿನಲ್ಲಿ ಚಿರತೆ ಓಡಾಡುತ್ತದೆ. ಚಿರತೆಗೆ ನಾಯಿ ಸುಲಭದ ಬೇಟೆ, ಕಟ್ಟಿಹಾಕಿದ ನಾಯಿ ಇನ್ನೂ ಸುಲಭ. ಇಂಥ ಕಡೆ ಕತ್ತಲಾದ ಮೇಲೆ ನಾಯಿ ಬಾಗಿಲಿರುವ ಕೋಣೆಯೊಳಗೆ ಮಲಗಬೇಕು. ‘ಕಾವಲಿಗೆ ಹೊರಗೇ ಇರಬೇಕು’ ಎಂದು ಪಟ್ಟುಹಿಡಿದರೆ ಆ ಮನೆ ಬಿಡಿ.

ಹದಿನೈದು ದಿನದ ಪರೀಕ್ಷೆ, ಒಂದು ಕಾಗದ

ಮೊದಲ ಭೇಟಿ ನಿಮ್ಮ ಮನೆಯಲ್ಲಿ ಆಗಲಿ, ಎರಡನೆಯದು ಅವರ ಮನೆಯಲ್ಲಿ. ಅಲ್ಲಿ ನಾಯಿ ಇದ್ದರೆ ಎರಡನ್ನೂ ಗೇಟಿನ ಒಳಗೆ ಮುಖಾಮುಖಿ ಮಾಡಿಸಬೇಡಿ. ಹೊರಗೆ ರಸ್ತೆಯಲ್ಲಿ, ನಡುವೆ ಹತ್ತು ಹನ್ನೆರಡು ಅಡಿ ಬಿಟ್ಟು, ಒಂದೇ ದಿಕ್ಕಿಗೆ ಅರ್ಧ ಗಂಟೆ ನಡೆಸಿ. ಆಮೇಲೆ ಒಟ್ಟಿಗೆ ಒಳಗೆ ಬರಲಿ. ಕಾಂಪೌಂಡಿನ ಎತ್ತರ, ಗೇಟಿನ ಅಡಿಯ ಸಂದು, ಮಧ್ಯಾಹ್ನದ ನೆರಳು ನೋಡಿಕೊಳ್ಳಿ. ಬೇಸಿಗೆಯಲ್ಲಿ ತಗಡಿನ ಶೀಟಿನಡಿಯ ಗೂಡು ಒಲೆಯಂತೆ ಕಾಯುತ್ತದೆ.

‘ಹದಿನೈದು ದಿನ ಇಟ್ಟುಕೊಂಡು ನೋಡಿ, ಹೊಂದದಿದ್ದರೆ ನನಗೇ ವಾಪಸ್ ಕೊಡಿ’ ಎಂಬ ಮಾತನ್ನು ಮೊದಲೇ ಆಡಿಬಿಡಿ. ವಾಪಸ್ ಬರುವ ದಾರಿ ಮುಚ್ಚಿದ್ದರೆ ನಾಯಿ ಕೈಯಿಂದ ಕೈಗೆ ಹೋಗುತ್ತದೆ. ಇದನ್ನೇ ಬಿಳಿ ಹಾಳೆಯ ಮೇಲೆ ಬರೆದು ಇಬ್ಬರೂ ಸಹಿ ಹಾಕಿ, ಒಂದೊಂದು ಪ್ರತಿ ಇಟ್ಟುಕೊಳ್ಳಿ. ಇಬ್ಬರ ಹೆಸರು, ವಿಳಾಸ, ನಾಯಿಯ ಗುರುತು, ಕೊಟ್ಟ ದಿನಾಂಕ, ಲಸಿಕೆಯ ವಿವರ, ಕಚ್ಚಿದ ಇತಿಹಾಸ ಇದ್ದರೆ ಅದು, ಬೇರೆಯವರಿಗೆ ಕೊಡುವಂತಿಲ್ಲ, ಮರಿ ಹಾಕಿಸುವಂತಿಲ್ಲ ಎಂಬ ಷರತ್ತು ಅದರಲ್ಲಿರಲಿ. ಮೈಕ್ರೋಚಿಪ್ (ಚರ್ಮದಡಿ ಸೇರಿಸುವ ಗುರುತಿನ ಚಿಪ್) ಇದ್ದರೆ ಅದರ 15 ಅಂಕಿಯ ಸಂಖ್ಯೆ ಬರೆದು, ನೋಂದಣಿಯಲ್ಲಿ ಹೆಸರು, ಫೋನ್ ಬದಲಿಸಿ.

ಒಪ್ಪಿಸುವ ದಿನ, ಆಮೇಲಿನ ಮೂರು ವಾರ

ದೀಪಾವಳಿಯ ವಾರ, ಊರ ಜಾತ್ರೆಯ ದಿನ, ಆ ಮನೆಯಲ್ಲಿ ಶುಭಕಾರ್ಯ ಇರುವಾಗ ಕೊಡಬೇಡಿ. ಬೆಳಗ್ಗೆ ಹೊರಡುವುದಾದರೆ ಹಿಂದಿನ ರಾತ್ರಿಯ ಊಟವೇ ಕೊನೆ, ಹೊಟ್ಟೆ ತುಂಬಿದ್ದರೆ ವಾಹನದಲ್ಲಿ ವಾಂತಿ ಖಚಿತ. ಮರಿಗಳಿಗೆ ಅಷ್ಟು ಉಪವಾಸ ಬೇಡ, ಎರಡು ಮೂರು ಗಂಟೆ ಸಾಕು. ಜೊತೆಗೆ ಅದು ಮಲಗುತ್ತಿದ್ದ ಬಟ್ಟೆಯನ್ನು ಒಗೆಯದೆ ಕಳಿಸಿ. ಹೊಸ ಜಾಗದಲ್ಲಿ ಗುರುತಿನ ವಾಸನೆ ಅದೊಂದೇ. ಒಂದು ವಾರದ ಆಹಾರವನ್ನೂ ಕಳಿಸಿ. ಮೊದಲೆರಡು ದಿನ ಹಳೆಯದೇ, ಆಮೇಲೆ ಕಾಲುಭಾಗ ಹೊಸದು, ಅರ್ಧ, ಮುಕ್ಕಾಲು ಎಂದು ಏರಿಸಬೇಕು, ಇಲ್ಲದಿದ್ದರೆ ಭೇದಿ. 20ರಿಂದ 25 ಕಿಲೋ ತೂಗುವ ನಾಯಿಗೆ ಒಣ ಆಹಾರವೇ ಆದರೆ ದಿನಕ್ಕೆ ಸುಮಾರು 300 ಗ್ರಾಂ ಬೇಕು. ಮುದ್ದೆ ಹಾಕುವ ಮನೆಯಾದರೆ ಅಡ್ಡಿಯಿಲ್ಲ, ಜೊತೆಗೆ ಮೊಟ್ಟೆಯೋ ಮಾಂಸವೋ ಮೊಸರೋ ಇರಲಿ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು ಬೇಡ, ಅವು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ.

ಓಡಿಹೋಗುವ ಅಪಾಯ ಮೊದಲ ದಿನಗಳಲ್ಲೇ ಹೆಚ್ಚು, ಅದಕ್ಕೇ ಬೆಲ್ಟಿನ ಮೇಲೆ ಹೊಸಬರ ಫೋನ್ ನಂಬರನ್ನು ಹೊರಡುವ ಮೊದಲೇ ಬರೆದಿರಬೇಕು. ಮೂರು ವಾರ ಗೇಟಿನ ಹೊರಗೆ ಚೈನಿಲ್ಲದೆ ಬಿಡಬಾರದು. ಹೆದರಿದ ನಾಯಿ ಹಿಮ್ಮೆಟ್ಟಿ ಕೊರಳ ಬೆಲ್ಟಿನಿಂದ ತಲೆ ಜಾರಿಸಿಕೊಳ್ಳುತ್ತದೆ, ಎದೆಗೆ ಹಾಕುವ ಪಟ್ಟಿ ಕ್ಷೇಮ. ತಪ್ಪಿಸಿಕೊಂಡರೆ ಕೂಗುತ್ತಾ ಅಟ್ಟಬೇಡಿ. ಆ ಬಟ್ಟೆಯನ್ನು ಗೇಟಿನ ಬಳಿ ಹಾಸಿ, ಊಟ ಇಟ್ಟು, ಹತ್ತಿರದ ಪೊದೆ, ಮೋರಿ, ಹಿತ್ತಿಲುಗಳನ್ನು ಮುಂಜಾನೆ ಮತ್ತು ಮುಸ್ಸಂಜೆ ಹುಡುಕಿ. ಹಳೆಯ ಮಾಲೀಕರ ದನಿ ಕೇಳಿದರೆ ಹೊರಬರುವ ಸಾಧ್ಯತೆ ಹೆಚ್ಚು, ಆದ್ದರಿಂದ ಅವರಿಗೆ ಕೂಡಲೇ ತಿಳಿಸಬೇಕು.

ಮೊದಲ ಎರಡು ಮೂರು ದಿನ ಊಟ ಕಡಿಮೆ ಮಾಡಿ ಮೂಲೆ ಹಿಡಿಯುವುದು ಸಹಜ. ನೀರನ್ನೂ ಬಿಟ್ಟರೆ ಮಾತ್ರ ವೈದ್ಯರಲ್ಲಿಗೆ. ಸುಮಾರು ಮೂರು ವಾರಕ್ಕೆ ದಿನಚರಿಗೆ ಹೊಂದಿಕೊಳ್ಳುತ್ತದೆ, ಪೂರ್ತಿ ಮನೆಯದಾಗಲು ಮೂರು ತಿಂಗಳು ಹಿಡಿಯಬಹುದು. ಈ ನಡುವೆ ಹಳೆಯ ಮಾಲೀಕರು ವಾರಕ್ಕೊಮ್ಮೆ ಫೋಟೊ ಕೇಳಲಿ. ನೋಡಲು ಹೋಗುವುದನ್ನು ಒಂದೆರಡು ತಿಂಗಳು ತಡೆಯುವುದು ಲೇಸು, ಹೋಗಿಬಂದರೆ ನಾಯಿ ಮತ್ತೆ ಗೇಟಿನ ಮುಂದೆ ಕೂರುತ್ತದೆ.

ಯಾರೂ ಸಿಗದಿದ್ದರೆ

ಹತ್ತು ವರ್ಷ ದಾಟಿದ ನಾಯಿ, ಮೂರು ಕಾಲಿನ ನಾಯಿ, ನಿತ್ಯ ಔಷಧಿ ಬೇಕಾದ ನಾಯಿ ಬೇಗ ಹೋಗುವುದಿಲ್ಲ. ಇಂಥವಕ್ಕೆ ನೆಂಟರ ಮನೆಯಲ್ಲಿ ತಾತ್ಕಾಲಿಕ ಆಸರೆ ಮಾಡಿ, ಊಟ ಔಷಧಿಯ ಖರ್ಚು ತಿಂಗಳು ತಿಂಗಳು ನೀವೇ ಕೊಡುವ ಏರ್ಪಾಡು ಹೆಚ್ಚು ನಡೆಯುತ್ತದೆ. ಆಶ್ರಯತಾಣಕ್ಕೆ ಸೇರಿಸುವ ಯೋಚನೆ ಇದ್ದರೆ ಮೊದಲು ಹೋಗಿ ನೋಡಿ: ಒಂದು ಗೂಡಿನಲ್ಲಿ ಎಷ್ಟು ನಾಯಿ, ಹೊಸದಾಗಿ ಬಂದವನ್ನು ಹದಿನೈದು ದಿನವಾದರೂ ಬೇರೆ ಇಡುತ್ತಾರೆಯೇ, ವೈದ್ಯರು ಯಾವಾಗ ಬರುತ್ತಾರೆ. ಬೇರೆ ಇಡುವ ಜಾಗವೇ ಇಲ್ಲದ ಕಡೆ ಒಂದು ನಾಯಿಯ ಡಿಸ್ಟೆಂಪರ್ ಎಲ್ಲವಕ್ಕೂ ಹರಡುತ್ತದೆ.

ಕಾರಣವಿಲ್ಲದೆ ಮನುಷ್ಯರ ಮೇಲೆ ಪದೇಪದೇ ಬೀಳುವ ನಾಯಿಯನ್ನು ಬೇರೆಯವರಿಗೆ ದಾಟಿಸಬೇಡಿ. ಮೊದಲು ವೈದ್ಯರಿಗೆ ತೋರಿಸಿ. ಕಿವಿಯ ಸೋಂಕು, ಹಲ್ಲುನೋವು, ಸೊಂಟದ ಕೀಲುನೋವು ಇದ್ದ ನಾಯಿ ಮುಟ್ಟಿದಾಗೆಲ್ಲ ಕಚ್ಚುತ್ತದೆ, ನೋವು ಹೋದರೆ ಕಚ್ಚುವುದೂ ನಿಲ್ಲಬಹುದು.